ಎಂಜಿನ್ ನಿಂತ ಮೇಲೆ

ನವೆಂಬರ್ ೬

ಪ್ರೀತಿಯ ಅಕ್ಕ,

ಹೇಗಿದ್ದೀಯ? ನಿನ್ನ ಪತ್ರಗಳೆಲ್ಲ ಅಡುಗೆಮನೆಯ ಕಪಾಟಿನಲ್ಲಿ, ಸಕ್ಕರೆ ಡಬ್ಬದ ಹಿಂದೆ, ನನ್ನನ್ನೇ ದುರುಗುಟ್ಟಿ ನೋಡುತ್ತಾ ಕೂತಿವೆ. ಉತ್ತರ ಬರೆಯಲಿಲ್ಲ ಅಂತ ಬೈಯಬೇಡ. ಬರೆಯಲು ಕೂತಾಗಲೆಲ್ಲ ‘ಪ್ರೀತಿಯ ಅಕ್ಕ’ ಅನ್ನುವಷ್ಟರಲ್ಲಿ ಪುಟ್ಟಿ ಎದ್ದಿರುತ್ತಾಳೆ. ನಿನ್ನ ಹೆಸರಿಗೆ ಪ್ರೀತಿ ಮಾತ್ರ ಬರೆದು ಬಿಟ್ಟ ಹಾಳೆಗಳು ಈ ಮನೆಯಲ್ಲಿ ಎಷ್ಟೋ ಇವೆ. ಅತ್ತೆ ಅವುಗಳಲ್ಲಿ ಒಲೆ ಒರೆಸುತ್ತಾರೆ. ಫೋನ್ ಮಾಡಬಹುದಲ್ಲ ಅಂತೀಯ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಅಳು ಬರುತ್ತದೆ, ನಾನು ಅತ್ತರೆ ಪುಟ್ಟಿ ಅಳುತ್ತಾಳೆ, ಅವಳು ಅತ್ತರೆ ಅತ್ತೆ ಬರುತ್ತಾರೆ, ಅಲ್ಲಿಗೆ ಮಾತು ಮುಗಿಯಿತು.

ಪುಟ್ಟಿಗೆ ನಾಲ್ಕು ತಿಂಗಳು ತುಂಬಿತು. ಮುಖ ನಮ್ಮ ಅಮ್ಮನದೇ, ಹಟ ನಿನ್ನದು. ಆದರೆ ನಿದ್ದೆ ಯಾರಿಂದಲೂ ಬಂದಿಲ್ಲ. ಹೆಗಲ ಮೇಲೆ ಹಾಕಿಕೊಂಡು ಕೋಣೆಯಿಂದ ಹಜಾರಕ್ಕೆ, ಹಜಾರದಿಂದ ಕೋಣೆಗೆ ನಡೆದು ನಡೆದು ನೆಲಹಾಸಿನ ಮೇಲೆ ಒಂದು ಕಾಲುದಾರಿಯೇ ಬಿದ್ದಿದೆ. ಕಣ್ಣು ಮುಚ್ಚಿದಳು ಅಂತ ತೊಟ್ಟಿಲಿಗೆ ಇಳಿಸಿದರೆ, ಬೆನ್ನು ಹಾಸಿಗೆಗೆ ತಾಗಿದ ಕೂಡಲೇ ಯಾರೋ ಗುಂಡಿ ಒತ್ತಿದ ಹಾಗೆ ಅಳು. ಮಕ್ಕಳ ಡಾಕ್ಟರಿಗೆ ತೋರಿಸಿದೆವು. “ಮಗು ಚೆನ್ನಾಗಿದೆ. ಅಮ್ಮನೇ ಸ್ವಲ್ಪ ಜಾಸ್ತಿ ಯೋಚನೆ ಮಾಡ್ತಾರೆ ಅನ್ಸುತ್ತೆ,” ಅಂದರು. ನನಗಲ್ಲ, ಪಕ್ಕದಲ್ಲಿ ನಿಂತಿದ್ದ ಇವರಿಗೆ. ಅಮ್ಮ ಅನ್ನುವವಳು ಆ ಕೋಣೆಯಲ್ಲಿ ಇರಲೇ ಇಲ್ಲವೇನೋ.

ಅವಳು ಅಪ್ಪಿತಪ್ಪಿ ಮಲಗಿದಳು ಅನ್ನು, ಆಗ ನನಗೆ ನಿದ್ದೆ ಬರುವುದಿಲ್ಲ. ಉಸಿರಾಡುತ್ತಿದ್ದಾಳಾ ಅಂತ ನೋಡಬೇಕು. ಎದೆಯ ಮೇಲೆ ಕೈ ಇಟ್ಟರೆ ಎದ್ದುಬಿಡುತ್ತಾಳೆ. ಅದಕ್ಕೆ ಪೌಡರ್ ಡಬ್ಬಿಯ ಪುಟಾಣಿ ಕನ್ನಡಿಯನ್ನು ಅವಳ ಮೂಗಿನ ಹತ್ತಿರ ಹಿಡಿಯುತ್ತೇನೆ. ಕನ್ನಡಿ ಮಬ್ಬಾದರೆ ಸಮಾಧಾನ. ಒರೆಸಿ ಮತ್ತೆ ಹಿಡಿಯುತ್ತೇನೆ. ಇವರು ಒಂದು ದಿನ ನೋಡಿ, “ಏನೇ ಗಾಬರಿಗುಬ್ಬಿ, ಮಗೂಗೆ ಮೇಕಪ್ಪಾ?” ಅಂತ ನಕ್ಕರು. ಚಿಕ್ಕಂದಿನಲ್ಲಿ ನೀನಿಟ್ಟ ಹೆಸರು ಈಗ ಈ ಮನೆಯ ಆಸ್ತಿಯಾಗಿದೆ. ನಾನು ಬಾಯಿ ತೆರೆದರೆ ಸಾಕು, “ಬಂತು ಗುಬ್ಬಿ” ಅಂತಾರೆ.

ಈಗ ಸುದ್ದಿ ಹೇಳುತ್ತೇನೆ. ಡಾಕ್ಟರ ಹತ್ತಿರದಿಂದ ಬರುವಾಗ ಒಂದು ಹಳೇ ಟ್ಯಾಕ್ಸಿ ಸಿಕ್ಕಿತು. ಕೂತವರ ಹಲ್ಲು ಅಲ್ಲಾಡಿಸುವಂಥದ್ದು. ಎರಡನೇ ತಿರುವು ದಾಟುವಷ್ಟರಲ್ಲಿ ಪುಟ್ಟಿಗೆ ಗಾಢ ನಿದ್ದೆ! ಮನೆ ಬಂದರೂ ಇವರು ಇಳಿಯಲಿಲ್ಲ. “ಇನ್ನೊಂದು ಸುತ್ತು ಹೊಡೀರಿ,” ಅಂದರು. ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನೇ ನೋಡಿ, “ಮನೆ ಯಾವ್ದು ಅಂತ ಮರ್ತೋಯ್ತಾ ಸಾರ್?” ಅಂದ. ಟ್ಯಾಕ್ಸಿಯಿಂದ ಇಳಿದದ್ದೇ ಅವಳು ಶುರು ಮಾಡಿದಳು. ಆವತ್ತು ಇವರಿಗೆ ಜ್ಞಾನೋದಯವಾಯಿತು. “ಅವಳಿಗೆ ಬೇಕಾಗಿರೋದು ಜೋಗುಳ ಅಲ್ಲ ಕಣೇ, ಎಂಜಿನ್ನು.”

ಮೊದಲು ಫೋನಿನಲ್ಲಿ ಎಂಜಿನ್ ಸದ್ದು ಹಾಕಿ ನೋಡಿದರು. ಪುಟ್ಟಿ ಮೋಸ ಹೋಗಲಿಲ್ಲ. ಅವಳಿಗೆ ಸದ್ದಿನ ಜೊತೆ ನಡುಕವೂ ಬೇಕು. ಅವಳನ್ನು ಬುಟ್ಟಿಯಲ್ಲಿ ಮಲಗಿಸಿ, ಬುಟ್ಟಿಯನ್ನು ಬಟ್ಟೆ ಒಗೆಯುವ ಮೆಷಿನ್ ಮೇಲಿಟ್ಟು ಹಿಡಿದುಕೊಂಡರು. ಅತ್ತೆ ಬಂದು, “ಒಗೆದಾದ್ಮೇಲೆ ಹಿಂಡಿ ಒಣಗಿಸ್ತೀಯೇನೋ ಮಗೂನ?” ಅಂತ ಅದನ್ನೂ ನಿಲ್ಲಿಸಿದರು. ಆಮೇಲೆ ಇವರ ಕಣ್ಣು ಬಿದ್ದದ್ದು ವ್ಯಾನಿನ ಮೇಲೆ.

ನೀನು ಬಂದಾಗ ನೋಡಿದ್ದೀಯಲ್ಲ, ಮನೆಯ ಗೋಡೆಗೂ ಕಾಂಪೌಂಡಿಗೂ ನಡುವಿನ ಓಣಿಯಲ್ಲಿ ನಿಂತಿರುವ ಮಾವನವರ ವ್ಯಾನ್? ಒಳಗೇ ಹಾಸಿಗೆ, ಅಂಗೈಯಗಲದ ಸಿಂಕು, ಮಡಚುವ ಮೇಜು, ಕಿಟಕಿಗೆ ಹೂವಿನ ಪರದೆ. ಸಂಸಾರ ಸಮೇತ ಊರೂರು ಸುತ್ತುವುದಕ್ಕೆ ಅಂತಲೇ ಮಾಡಿದ್ದು. ಮಾವ ಹೋದ ಮೇಲೆ ಅದು ಅಲ್ಲಾಡಿಲ್ಲ. ಬ್ರೇಕ್ ಸತ್ತಿರುವುದರಿಂದ ರಸ್ತೆಗೆ ಇಳಿಸುವ ಹಾಗೂ ಇಲ್ಲ. “ರಸ್ತೆ ಯಾರಿಗೆ ಬೇಕು? ನಿಂತಲ್ಲೇ ಗುಡುಗುಡು ಅಂದ್ರೆ ಸಾಕು,” ಅಂತ ಇವರು. “ಆ ಡಬ್ಬಾನಾ? ಅದನ್ನ ಎಬ್ಬಿಸೋಕೆ ಹೋಗೇ ನಿಮ್ಮಪ್ಪ ಅರ್ಧ ಆಯಸ್ಸು ಕಳೆದ್ರು. ಇನ್ನರ್ಧ ನಾನು ಹಿಂದಿನಿಂದ ತಳ್ಳಿ ಕಳೆದೆ,” ಅಂತ ಅತ್ತೆ.

ಇವರು ಮುದ್ರಣಾಲಯದಲ್ಲಿ ದೊಡ್ಡ ಮೆಷಿನ್ ನೋಡಿಕೊಳ್ಳುವವರು ತಾನೇ, “ಮೆಷಿನ್ ಅಂದ್ರೆ ಮೆಷಿನ್ನೇ. ಪುಸ್ತಕ ಅಚ್ಚು ಹಾಕೋದಾದ್ರೇನು, ಗಾಡಿ ಎಳೆಯೋದಾದ್ರೇನು,” ಅಂತ ತೋಳು ಮಡಚಿದರು. ಎಂಜಿನ್ ಇರುವುದು ವ್ಯಾನಿನ ಹಿಂಬದಿಯಲ್ಲಿ, ಸರಿಯಾಗಿ ಹಾಸಿಗೆಯ ಕೆಳಗೆ. ಹಾಸಿಗೆಯ ತುದಿ ಮಡಚಿದರೆ ಒಂದು ತಗಡಿನ ಮುಚ್ಚಳ, ಮುಚ್ಚಳ ಎತ್ತಿದರೆ ಎಂಜಿನ್. ಅದರ ಗಾಳಿ ಡಬ್ಬಿಯಲ್ಲಿ ಇಲಿಯೊಂದು ಹಳೇ ಪತ್ರಿಕೆ ಹರಿದು ಬಾಣಂತನ ಮುಗಿಸಿ ಹೋಗಿತ್ತು. ಟ್ಯಾಂಕಿನ ಪೆಟ್ರೋಲು ಅಂಟಾಗಿತ್ತು. ಇವರ ಕೈ ಅಲ್ಲಿಗೇ ಸೋತು, ಬಸ್ ನಿಲ್ದಾಣದ ಹಿಂದಿನ ಮೆಕ್ಯಾನಿಕ್ಕನ್ನು ಕರೆತಂದರು. ಎಲ್ಲರೂ ಅವನನ್ನು ಕೆಮ್ಮು ಡಾಕ್ಟರ್ ಅಂತಾರೆ. ಉದ್ದನೆಯ ರಬ್ಬರ್ ಕೊಳವೆಯ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ತನ್ನ ಕಿವಿಗೆ. “ಕೆಮ್ಮಿದ್ರೆ ಸಾಕು ಮೇಡಂ, ರೋಗ ಹೇಳ್ತೀನಿ. ಸುಮ್ನಿರೋ ಎಂಜಿನ್ನೇ ಕಷ್ಟ,” ಅಂದ.

ನಿನ್ನೆ ಅದು ಒಂದೇ ಒಂದು ಸಲ ಕೆಮ್ಮಿತು ಅಕ್ಕ. ಇವರೂ ಅವನೂ ತಬ್ಬಿಕೊಂಡು ಕುಣಿದರು. ಪುಟ್ಟಿ ನನ್ನ ಹೆಗಲ ಮೇಲೆ ಅಳು ನಿಲ್ಲಿಸಿ ಆ ಕಡೆ ತಿರುಗಿದಳು. ನನಗೂ ಆಸೆ ಹುಟ್ಟಿದೆ.

ಆರೋಗ್ಯ ನೋಡಿಕೋ. ವಾರ್ಡನ್ ಅಂತ ಹಾಸ್ಟೆಲಿನ ಮಕ್ಕಳ ಮೇಲೆ ರೇಗಾಡಬೇಡ. ನಿನ್ನ ಆಶೀರ್ವಾದ ಇರಲಿ.

ನಿನ್ನ
ಗಾಬರಿಗುಬ್ಬಿ

ತಾ.ಕ.: ಕನ್ನಡಿ ವಿಷಯ ಅಮ್ಮನಿಗೆ ಹೇಳಬೇಡ. ಅವಳು ನಗುತ್ತಾಳೆ, ಆಮೇಲೆ ನಿದ್ದೆ ಬಿಡುತ್ತಾಳೆ.


ನವೆಂಬರ್ ೨೯

ಪ್ರೀತಿಯ ಅಕ್ಕ,

ನಿನ್ನ ಉತ್ತರ ಬಂದು ಎಷ್ಟೋ ದಿನವಾಯಿತು. ಈ ಸಲ ತಡವಾದದ್ದಕ್ಕೆ ಕಾರಣ ಬೇರೆ. ನಾನು ಮಲಗಿದ್ದೆ! ನಂಬುತ್ತೀಯ? “ಹಸುಗೂಸು ಇರುವ ಮನೆಯಲ್ಲಿ ಗ್ಯಾರೇಜ್ ಯಾಕೆ ತೆರೆದಿರಿ?” ಅಂತ ಬೈದಿದ್ದೀಯ. ಕೇಳು, ಹೇಗಾಯಿತು ಅಂತ.

ಕೆಮ್ಮು ಡಾಕ್ಟರ್ ಕಾರ್ಬ್ಯುರೇಟರ್ ಬಿಚ್ಚಿ ತಂದು ನಮ್ಮ ಊಟದ ಮೇಜಿನ ಮೇಲೆ ಹರಡಿದ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕುಡಿಸುವ ಭಾಗವಂತೆ ಅದು. ಅದರ ಸಣ್ಣ ಸಣ್ಣ ತೂತುಗಳೆಲ್ಲ ಜಿಡ್ಡು ಕಟ್ಟಿ ಮುಚ್ಚಿಹೋಗಿದ್ದವು. ಬಿಚ್ಚಿದ ತುಣುಕುಗಳನ್ನು ಅತ್ತೆಯ ಸಾಸರುಗಳಲ್ಲಿ ಸಾಲಾಗಿ ಇಟ್ಟ. ಅತ್ತೆ ಕನ್ನಡಕ ಏರಿಸಿ, “ಇವತ್ತು ಯಾರಿಗೆ ಬಡಿಸ್ತೀಯಪ್ಪಾ ಇದನ್ನ?” ಅಂದರು. ಇವರು ಸೂಜಿಯಿಂದ ಒಂದೊಂದು ತೂತನ್ನೂ ಬಿಡಿಸಿದರು. ಹೊಸ ಪ್ಲಗ್ಗು, ಹೊಸ ಬ್ಯಾಟರಿ, ಹೊಸ ಪೆಟ್ರೋಲು. ಮೂರನೇ ಸಲ ಕೀಲಿ ತಿರುಗಿಸಿದಾಗ ಬುಸ್ ಅಂತ ನೀಲಿ ಹೊಗೆ ಬಂತು, ಆಮೇಲೆ ಗುಡುಗುಡು. ಇಡೀ ವ್ಯಾನ್ ಮೈಕೊಡವಿಕೊಂಡು ಎದ್ದ ಹಾಗಾಯಿತು.

ನಾನು ಪುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋಗಿ ಹಾಸಿಗೆಯ ಮೇಲೆ ಮಲಗಿಸಿದೆ. ಅವಳು ಒಂದು ಸಲ ನನ್ನ ಮುಖ ನೋಡಿದಳು, ದೊಡ್ಡವರ ಹಾಗೆ ಒಂದು ನಿಟ್ಟುಸಿರು ಬಿಟ್ಟಳು, ಮಲಗಿಬಿಟ್ಟಳು. ನಾನೂ ಪಕ್ಕದಲ್ಲಿ ಒರಗಿದೆ. ಬೆನ್ನ ಕೆಳಗೆ ಆ ನಡುಕ. ಯಾರೋ ಬೆನ್ನು ಸವರುತ್ತಿದ್ದಾರೆ ಅನ್ನಿಸಿತು. ಎಚ್ಚರವಾದಾಗ ಪರದೆಯ ಮೇಲಿನ ಬಿಸಿಲು ಈ ಕಿಟಕಿಯಿಂದ ಆ ಕಿಟಕಿಗೆ ಹೋಗಿತ್ತು. ಹೆರಿಗೆಯಾದ ಮೇಲೆ ಅಂಥ ನಿದ್ದೆ ಮಾಡಿರಲಿಲ್ಲ ಅಕ್ಕ. ಎದ್ದು ಸುಮ್ಮನೆ ಅತ್ತುಬಿಟ್ಟೆ, ಸಂತೋಷಕ್ಕೆ.

ಈಗ ದಿನಾ ಮಧ್ಯಾಹ್ನ ಇದೇ ಕೆಲಸ. ಇವರು ಮುದ್ರಣಾಲಯದಲ್ಲಿರುತ್ತಾರೆ, ಕೀಲಿ ತಿರುಗಿಸುವುದು ನನಗೇ ಕಲಿಸಿದ್ದಾರೆ. ಮನೆಯವರೆಲ್ಲ ಸೇರಿ ವ್ಯಾನನ್ನು ಒಂದು ಗೂಡು ಮಾಡಿದ್ದೇವೆ. ವ್ಯಾನಿನ ಹಿಂದೆ ಓಣಿಯಲ್ಲಿ ಒಣಹಾಕಿದ ದಿಂಬಿನ ಕವರಿಗೆಲ್ಲ ಲಾರಿ ವಾಸನೆ ಅಂತ ಅತ್ತೆ ಗೊಣಗಿದರು. “ಈ ದಿಂಬಿನ ಮೇಲೆ ತಲೆ ಇಟ್ರೆ ಕನಸಲ್ಲೂ ಹಾರ್ನ್ ಕೇಳ್ಸುತ್ತೆ.” ಅದಕ್ಕೆ ವ್ಯಾನನ್ನು ಹಿಂದಕ್ಕೆ ತಳ್ಳಿ, ಅದರ ಬೆನ್ನು ಓಣಿಯ ಕೊನೆಯ ಗೋಡೆಗೆ ತಾಗುವಷ್ಟು ಹತ್ತಿರ ನಿಲ್ಲಿಸಿ, ಬಟ್ಟೆಯ ಹಗ್ಗವನ್ನು ಮುಂದಕ್ಕೆ ಕಟ್ಟಿದೆವು. ಹೊಗೆ ಬೇಕಾದರೆ ಗೋಡೆಗೆ ಬಡಿದುಕೊಳ್ಳಲಿ. ನನಗೆ ಚಳಿಗಾಳಿಯ ಹೆದರಿಕೆ. ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಗಳಿಗೆ ಹಳೇ ಬಟ್ಟೆಯ ಪಟ್ಟಿ ತುರುಕಿದ್ದೇನೆ. ಒಂದೆಳೆ ಗಾಳಿ ಒಳಗೆ ಬರದು. ಇನ್ನು ಇವರದು: ಎಂಜಿನ್ನಿನ ಮೇಲಿನ ಮುಚ್ಚಳ ಬಿಗಿಯಾಗಿದ್ದರೆ ಸದ್ದು ಮಂಕಾಗಿ ಪುಟ್ಟಿ ಹೊರಳಾಡುತ್ತಾಳೆ ಅಂತ ಕಂಡುಹಿಡಿದು, ಮುದ್ರಣಾಲಯದಿಂದ ಒಂದು ಮರದ ಬೆಣೆ ತಂದು ಮುಚ್ಚಳದ ಅಂಚಿಗೆ ಕೊಟ್ಟಿದ್ದಾರೆ. ಬೆರಳಗಲ ಸಂದಿ. “ಸ್ಪೀಕರ್ ಬಾಯಿ ತೆಗೆದಿದೀನಿ ನನ್ ಮಗಳಿಗೆ,” ಅಂತ ಹೆಮ್ಮೆ.

ಎಂಜಿನ್ನಿಗೆ ಒಂದು ಕಾಯಿಲೆ ಮಾತ್ರ ಉಳಿದಿದೆ. ಚೆನ್ನಾಗಿ ಕಾದ ಮೇಲೆ ಎರಡು ಸಲ ಕೆಮ್ಮಿ ಪಟ್ಟಂತ ನಿಂತುಬಿಡುತ್ತದೆ. ಅದು ನಿಂತ ಕ್ಷಣಕ್ಕೆ ಪುಟ್ಟಿಯ ಸೈರನ್ ಶುರು. ಅತ್ತೆಗೆ ಇದು ಎಷ್ಟು ಅಭ್ಯಾಸವಾಗಿದೆ ಅಂದರೆ, ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಾ ಕೂತವರು ಎಂಜಿನ್ ನಿಂತ ಕೂಡಲೇ ಬಾಟಲಿಗೆ ನೀರು ಕಾಯಲು ಇಟ್ಟು, “ಎದ್ದಳು ರಾಣಿ,” ಅಂತಾರೆ. ಅವರ ಮಾತು ಮುಗಿಯುವುದಕ್ಕೂ ಅಳು ಕೇಳುವುದಕ್ಕೂ ಸರಿಹೋಗುತ್ತದೆ. ಕೆಮ್ಮು ಡಾಕ್ಟರ್ ಕೊಳವೆ ಇಟ್ಟು ಕೇಳಿ, “ಕಾಯ್ಲ್ ಮೇಡಂ. ಕಿಡಿ ಕೊಡೋದು ಅದೇ. ಬಿಸಿಯಾದ್ರೆ ಕೈ ಕೊಡುತ್ತೆ. ಹಳೇ ಮಾಡೆಲ್ಲು, ಬೇರೆ ಊರಿಂದ ತರಿಸ್ಬೇಕು,” ಅಂದ. ಬೇಗ ತರಿಸಪ್ಪಾ ಅಂತ ದಿನಾ ಪೀಡಿಸುತ್ತಿದ್ದೇನೆ. ಅದೊಂದು ಸರಿಹೋದರೆ ಅವಳು ಸಂಜೆಯವರೆಗೂ ಮಲಗುತ್ತಾಳೆ, ನಾನೂ.

ನನಗೆ ಸ್ವಲ್ಪ ತಲೆನೋವು. ವ್ಯಾನಿನಿಂದ ಇಳಿದಾಗ ಹಣೆಗೆ ಪಟ್ಟಿ ಕಟ್ಟಿ ಬಿಗಿದ ಹಾಗೆ ಇರುತ್ತದೆ, ಒಂದೆರಡು ಸಲ ವಾಂತಿ ಬಂದ ಹಾಗೂ ಆಯಿತು. ಅಂಗಳದಲ್ಲಿ ಓಡಾಡಿದರೆ ಹೋಗುತ್ತದೆ. ಇವರಿಗೆ ಹೇಳಿದೆ. “ಇಷ್ಟು ತಿಂಗಳ ನಿದ್ದೆ ಒಟ್ಟಿಗೆ ಬಂದು ಕೂತ್ರೆ ತಲೆ ಭಾರ ಆಗದೆ ಇನ್ನೇನಾಗುತ್ತೆ? ಗುಬ್ಬೀ, ಸುಖಕ್ಕೂ ಗಾಬರಿ ಬೀಳ್ಬೇಡ್ವೇ,” ಅಂದರು. ಒಳಗೆ ಏನೋ ವಾಸನೆ ಅಂದೆ. ಬಂದು ಮೂಗು ಅರಳಿಸಿ ಎಳೆದು, “ಹಳೇ ಗಾಡಿ ವಾಸನೆ. ಅಪ್ಪ ಇದ್ದಾಗ್ಲೂ ಹೀಗೇ ಇತ್ತು,” ಅಂದರು. ಸರಿ ಅಂತ ಬಿಟ್ಟೆ. ಎಲ್ಲದಕ್ಕೂ ಹೆದರುವವಳು ಅನ್ನಿಸಿಕೊಂಡು ನನಗೂ ಸಾಕಾಗಿದೆ. ಒಂದು ವಿಷಯಕ್ಕಾದರೂ ಹೆದರದೆ ಇದ್ದು ನೋಡೋಣ ಅಂತ.

ಪುಟ್ಟಿಯ ಕೆನ್ನೆಗೆ ಬಣ್ಣ ಬಂದಿದೆ ಅಂತ ಅತ್ತೆ ಖುಷಿಯಾಗಿದ್ದಾರೆ. ನೀನು ಹೆದರಬೇಡ. ಈ ಮನೆಗೆ ಒಬ್ಬಳು ಗುಬ್ಬಿ ಸಾಕು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಗಾಬರಿಗುಬ್ಬಿ (ಸದ್ಯಕ್ಕೆ ಗಾಬರಿ ಇಲ್ಲದ ಗುಬ್ಬಿ)

ತಾ.ಕ.: ಕನ್ನಡಿ ಪೌಡರ್ ಡಬ್ಬಿಯಲ್ಲೇ ಇದೆ. ವ್ಯಾನಿನಲ್ಲಿ ಅದನ್ನು ತೆಗೆಯುವುದೇ ಇಲ್ಲ. ನೋಡು, ಎಷ್ಟು ಸುಧಾರಿಸಿದ್ದೇನೆ.


ಡಿಸೆಂಬರ್ ೧೮

ಪ್ರೀತಿಯ ಅಕ್ಕ,

ಮೊದಲೇ ಹೇಳಿಬಿಡುತ್ತೇನೆ, ಪುಟ್ಟಿ ಬದುಕಿದ್ದಾಳೆ. ಈಗ ತೊಟ್ಟಿಲಿನಲ್ಲಿ ಕಾಲು ಒದೆಯುತ್ತಿದ್ದಾಳೆ. ಈ ಸಾಲನ್ನು ಓದಿ ಒಂದು ಲೋಟ ನೀರು ಕುಡಿದು ಮುಂದಕ್ಕೆ ಓದು. ನೀನು ಫೋನ್ ಮಾಡಿದಾಗ ನಾನು ಮಾತಾಡಲಿಲ್ಲ, ಅತ್ತೆಯ ಕೈಗೆ ಕೊಟ್ಟೆ. ಕ್ಷಮಿಸು. ‘ಮಗೂಗೆ ಹುಷಾರಿಲ್ಲ, ಈಗ ಪರವಾಗಿಲ್ಲ’ ಅಂತ ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ.

ಆವತ್ತು ಮಧ್ಯಾಹ್ನವೂ ಎಂದಿನಂತೆ ಊಟ ಮುಗಿಸಿ, ಅವಳನ್ನು ಕರೆದುಕೊಂಡು ವ್ಯಾನಿಗೆ ಹೋದೆ. ಹೊರಗೆ ಕೊರೆಯುವ ಚಳಿ. ಪಟ್ಟಿಗಳನ್ನು ಇನ್ನಷ್ಟು ಒತ್ತಿ ತುರುಕಿದೆ. ಕೀಲಿ ತಿರುಗಿಸಿದೆ. ಅವಳು ಮಲಗಿದಳು, ನಾನೂ ಮಲಗಿದೆ. ಎಷ್ಟು ಹೊತ್ತಾಯಿತೋ ತಿಳಿಯದು. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಅವಳು ಅಳಲಿಲ್ಲ. ಎಂಜಿನ್ ನಿಂತರೆ ಅಳುವ ಮಗು ಅಳಲಿಲ್ಲ! ಎದ್ದೆ, ತಲೆ ತಿರುಗಿತು, ಅವಳನ್ನು ಎತ್ತಿಕೊಂಡೆ, ಕತ್ತು ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಬಾಗಿಲು ಎಳೆದು ಹೊರಗೆ ಬಿದ್ದೆ. ಅತ್ತೆ ಓಡಿ ಬಂದರು. ಎದುರು ಮನೆಯ ದರ್ಜಿ ಹೊಲಿಯುತ್ತಿದ್ದ ಬಟ್ಟೆಯನ್ನು ಮೆಷಿನ್ನಿನಲ್ಲೇ ಬಿಟ್ಟು ಕಾರು ತೆಗೆದ. ಈಗ ಮನೆಯಲ್ಲಿ ಎಲ್ಲರೂ ಈ ಕಥೆಯನ್ನು ಹೀಗೇ ಹೇಳುತ್ತಾರೆ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟರು. ಅವಳ ಮುಖಕ್ಕಿಂತ ಆ ಮುಖವಾಡವೇ ದೊಡ್ಡದು. ಡಾಕ್ಟರು ನನ್ನನ್ನು ಒಂದೊಂದೇ ಕೇಳಿದರು, ತಲೆನೋವಿತ್ತಾ, ವಾಂತಿ ಬಂದ ಹಾಗಿತ್ತಾ, ಹೊರಗೆ ಬಂದರೆ ಸರಿಹೋಗುತ್ತಿತ್ತಾ ಅಂತ. ಎಲ್ಲದಕ್ಕೂ ಹೌದು ಅಂದೆ. “ಎಂಜಿನ್ ಹೊಗೇಲಿ ಬಣ್ಣ, ವಾಸನೆ ಎರಡೂ ಇಲ್ದಿರೋ ಒಂದು ವಿಷ ಇರುತ್ತಮ್ಮ. ಮಂಪರು ಬರ್ಸುತ್ತೆ. ನಿದ್ದೆ ಅಂದ್ಕೊಂಡಿರ್ತೀವಿ,” ಅಂದರು. ಅದರ ಹೆಸರು ನಾನು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದದ್ದೇ. ನಿದ್ದೆ ಅನ್ನುವ ವೇಷದಲ್ಲಿ ಬಂದಾಗ ಗುರುತು ಹತ್ತಲಿಲ್ಲ.

ಕೊನೆಗೆ ಪುಟ್ಟಿ ಅತ್ತಳು. ಮೊದಲು ಬೆಕ್ಕಿನ ಮರಿಯ ಹಾಗೆ, ಆಮೇಲೆ ತನ್ನ ಮಾಮೂಲಿ ಸೈರನ್. ನರ್ಸ್ ಚಪ್ಪಾಳೆ ತಟ್ಟಿದಳು. ಇವರು ಮುದ್ರಣಾಲಯದ ಮಸಿ ಕೈಯಲ್ಲೇ ಮುಖ ಮುಚ್ಚಿಕೊಂಡು ಗೋಡೆಗೊರಗಿ ಅತ್ತರು. ಮಸಿಯೆಲ್ಲ ಮುಖಕ್ಕೆ ಹತ್ತಿತ್ತು, ಯಾರೂ ನಗಲಿಲ್ಲ. “ಎಲ್ಲ ಸರಿಯಿದೆ ಅಂತ ಇವತ್ತೇ ಬರ್ಕೊಡೋಕಾಗಲ್ಲ. ನಗ್ತಾಳಾ, ಕೂರ್ತಾಳಾ, ಕರೆದ್ರೆ ತಿರುಗ್ತಾಳಾ, ನೋಡ್ತಾ ಹೋಗೋಣ,” ಅಂದಿದ್ದಾರೆ ಡಾಕ್ಟರು. ಈಗ ನಾವು ದಿನವೆಲ್ಲ ಅವಳನ್ನು ಕರೆಯುತ್ತಲೇ ಇರುತ್ತೇವೆ. ತಿರುಗುತ್ತಾಳೆ. ಒಂದು ಸಲ ತಿರುಗದಿದ್ದರೆ ಮನೆಯೇ ಉಸಿರು ಹಿಡಿಯುತ್ತದೆ.

ಮನೆಗೆ ಬಂದ ಮರುದಿನ ಕೆಮ್ಮು ಡಾಕ್ಟರ್ ಬಂದ. ಅವನ ಕೈಯಲ್ಲಿ ಒಂದು ಪೊಟ್ಟಣ. ಅದೇ, ನಾನು ಬೇಗ ತರಿಸು ಅಂತ ಪೀಡಿಸುತ್ತಿದ್ದ ಕಾಯ್ಲ್. ಅವನಿಗೆ ಏನೂ ಗೊತ್ತಿರಲಿಲ್ಲ. ಇವರು ಹೇಳಿದರು. ಅವನು ಪೊಟ್ಟಣವನ್ನು ನೆಲಕ್ಕಿಟ್ಟು ವ್ಯಾನಿನ ಕೆಳಗೆ ನುಸುಳಿದ. ಬಹಳ ಹೊತ್ತು ಬರಲಿಲ್ಲ. ಬಂದಾಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. “ಹೊಗೆ ಕೊಳವೆ ಜಾಯಿಂಟ್ ಸೀಳಿದೆ. ನಾನು ಬರೀ ಕಿವೀಲಿ ನೋಡ್ದೆ ಸಾರ್, ಬಗ್ಗಿ ಕಣ್ಣಲ್ಲಿ ನೋಡ್ಲಿಲ್ಲ. ನನ್ದೇ ತಪ್ಪು.”

“ನಿಂದೇನಿಲ್ಲ ಬಿಡಪ್ಪ,” ಅಂದರು ಇವರು. “ಮುಚ್ಚಳಕ್ಕೆ ಬೆಣೆ ಕೊಟ್ಟೋನು ನಾನು. ನನ್ ಕೈಯಾರೆ.”

“ಗೋಡೆಗೆ ಒತ್ತಿ ನಿಲ್ಸಿ ಅಂದಿದ್ದು ಯಾರು? ದಿಂಬಿನ ಕವರು ಮುಖ್ಯ ಆಯ್ತು ಈ ಮುದುಕಿಗೆ,” ಅಂದರು ಅತ್ತೆ.

ಕಿಟಕಿಗೆ ಪಟ್ಟಿ ತುರುಕಿದವಳು ನಾನು ಅಂತ ನಾನೂ ಬಾಯಿ ತೆರೆದೆ. ಅಷ್ಟರಲ್ಲಿ ಇವರು ನನ್ನ ತಲೆಯ ಮೇಲೆ ಕೈ ಇಟ್ಟು, “ನೀನು ಸುಮ್ನಿರು. ನಿನ್ನ ಗಾಬರೀನೇ ನಮ್ಮ ಮಗೂನ ಉಳಿಸಿದ್ದು. ಇನ್ಮೇಲೆ ಈ ಮನೇಲಿ ಯಾರಾದ್ರೂ ನಿನ್ನನ್ನ ನೋಡಿ ನಕ್ರೆ ನಾನು ಸುಮ್ನಿರಲ್ಲ,” ಅಂದರು. ಕೆಮ್ಮು ಡಾಕ್ಟರ್, “ತಾಯಿ ಕರುಳು ಅಂದ್ರೆ ಸುಮ್ನೇನಾ?” ಅಂದ. ದರ್ಜಿ ಬಂದು ಅದನ್ನೇ ಹೇಳಿದ. ತಪ್ಪು ತನ್ನದು ಅಂತ ಹೊತ್ತುಕೊಳ್ಳಲು ಎಲ್ಲರೂ ನಾ ಮುಂದು ತಾ ಮುಂದು ಅಂತ ಬಂದರು. ನನ್ನ ಪಾಲಿಗೆ ಮಾತ್ರ ಹೊಗಳಿಕೆ ಬಂತು. ಅತ್ತೆ ಬಟಾಣಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಇವರು ವ್ಯಾನಿನ ಬ್ಯಾಟರಿ ಕಿತ್ತು ಮಹಡಿಯ ಮೇಲೆ ಇಟ್ಟಿದ್ದಾರೆ. ಗುಜರಿಗೆ ಕೊಡುತ್ತಾರಂತೆ. ಕಾಯ್ಲನ್ನು ಕೆಮ್ಮು ಡಾಕ್ಟರ್ ವಾಪಸ್ ತೆಗೆದುಕೊಂಡು ಹೋಗಲು ಮರೆತ. ಅದು ಪೊಟ್ಟಣದಲ್ಲೇ ಇದೆ, ಕಪಾಟಿನಲ್ಲಿ, ನಿನ್ನ ಪತ್ರಗಳ ಪಕ್ಕ. ಅದು ಒಂದು ವಾರ ಮೊದಲು ಬಂದಿದ್ದರೆ ಎಂಜಿನ್ ನಿಲ್ಲುತ್ತಲೇ ಇರಲಿಲ್ಲ. ಸಂಜೆಯವರೆಗೂ ಚೆನ್ನಾಗಿ ಓಡುತ್ತಿತ್ತು. ನಾನು ಕೇಳಿದ ಹಾಗೆಯೇ. ಸಕ್ಕರೆ ತೆಗೆಯುವಾಗಲೆಲ್ಲ ಅದಕ್ಕೆ ಕೈ ತಗಲುತ್ತದೆ.

ಪುಟ್ಟಿ ಮತ್ತೆ ಮೊದಲಿನಂತೆ ಮಲಗುವುದಿಲ್ಲ. ಹಜಾರದ ಕಾಲುದಾರಿ ಮತ್ತೆ ಶುರುವಾಗಿದೆ. ಈಗ ಇವರೂ ಪಾಳಿ ಹಾಕಿಕೊಂಡು ನಡೆಯುತ್ತಾರೆ. ಅವಳು ಅತ್ತರೆ ಎಲ್ಲರಿಗೂ ಸಂತೋಷ.

ಅಮ್ಮನಿಗೆ ಎಷ್ಟು ಹೇಳಬೇಕೋ ಅಷ್ಟು ಹೇಳು. ನಿನ್ನ ಕೈ ನಮ್ಮ ಪುಟ್ಟಿಯ ತಲೆಯ ಮೇಲಿರಲಿ. ನೀನು ಬೆಚ್ಚಗಿರು.

ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಹರಿದು ತೆಗೆದೆ.

ಎಂಜಿನ್ ನಿಂತದ್ದು ನನಗೆ ಕೇಳಿಸಿದ್ದು ನಿಜ ಅಕ್ಕ. ಅವಳು ಅಳಲಿಲ್ಲ, ಅದೂ ನಿಜ. ಆದರೆ ನಾನು ಏಳಲಿಲ್ಲ. ‘ಅಬ್ಬಾ’ ಅಂದುಕೊಂಡೆ. ಕೊನೆಗೂ ಎಂಜಿನ್ ಇಲ್ಲದೆ ಮಲಗುವುದನ್ನು ಕಲಿತಳು ಅಂದುಕೊಂಡೆ. ಅವಳ ಕಡೆಗಿದ್ದ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ, ಹೊದಿಕೆಯನ್ನು ಕಿವಿಯ ಮೇಲಕ್ಕೆ ಎಳೆದುಕೊಂಡು, ಕಣ್ಣು ಮುಚ್ಚಿದೆ.

ಬಾಗಿಲು ಎಳೆದದ್ದು ಅತ್ತೆ. ಎಂಜಿನ್ ನಿಂತದ್ದು ಕೇಳಿ ಅವರು ಎಂದಿನಂತೆ ನೀರು ಇಟ್ಟು, ಎದ್ದಳು ರಾಣಿ ಅಂದರಂತೆ. ನೀರು ಕುದಿಯಿತಂತೆ. ಅಳು ಬರಲಿಲ್ಲವಂತೆ. ಬಟಾಣಿಯನ್ನು ಮಡಿಲಿನಿಂದ ನೆಲಕ್ಕೆ ಚೆಲ್ಲಿ ಓಡಿ ಬಂದು, ಮಗುವನ್ನು ಹೊರಗೆ ಎತ್ತಿಕೊಂಡು ಹೋದರು. ಆಮೇಲೆ ವಾಪಸ್ ಬಂದು ನನ್ನನ್ನು ಎಳೆದರು. ಆಸ್ಪತ್ರೆಯ ಮೊಗಸಾಲೆಯಲ್ಲಿ, ಇವರು ಬರುವುದಕ್ಕೆ ಮುಂಚೆ, ನನ್ನ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡು, “ನೀನೇ ಎತ್ಕೊಂಡು ಹೊರಗೆ ಬಂದೆ. ನನ್ನ ಕಣ್ಣಿಗೆ ಬಿದ್ದಾಗ ನೀನು ಹೊರಗಿದ್ದೆ. ಅಷ್ಟೇ ನಡೆದಿದ್ದು. ತಿಳೀತಾ?” ಅಂದರು. ನಾನು ಹೂಂ ಅಂದೆ. ಆವತ್ತಿನಿಂದ ನಾವಿಬ್ಬರೂ ಅದರ ಬಗ್ಗೆ ಮಾತಾಡಿಲ್ಲ. ಯಾರಾದರೂ ನನ್ನನ್ನು ಹೊಗಳುವಾಗ ಅವರು ಎದ್ದು ಒಳಗೆ ಹೋಗುತ್ತಾರೆ, ನಾನು ಅವರ ಮುಖ ನೋಡಬೇಕಾಗಬಾರದು ಅಂತ.

ಡಾಕ್ಟರನ್ನು ಕೇಳಿದರೆ ಅದೆಲ್ಲ ಆ ವಿಷದ ಮಂಪರು ಅಂತಾರೆ. ಇರಬಹುದು. ಕೈಕಾಲು ಏಳದಿದ್ದುದು ವಿಷದ ಕೆಲಸ. ಆದರೆ ಆ ‘ಅಬ್ಬಾ’ ನನ್ನದು.

ರಜೆ ಹಾಕಿ ಬಾ ಅಕ್ಕ. ಏನೂ ತರಬೇಡ. ಅವಳು ಮಲಗಿದಾಗ ಕನ್ನಡಿ ಹಿಡಿದುಕೊಂಡು ನೀನು ಕೂತಿರು. ನಿನ್ನ ಕೈಯಲ್ಲಿ ಅದು ಮಬ್ಬಾಗುವುದನ್ನು ಒಂದು ಸಲ ನೋಡಿ ನಾನು ಮಲಗುತ್ತೇನೆ. ಆದರೆ ನನ್ನನ್ನು ಗಾಬರಿಗುಬ್ಬಿ ಅಂತ ಮಾತ್ರ ಕರೆಯಬೇಡ. ಗಾಬರಿಯಾಗಬೇಕಾಗಿದ್ದ ಆ ಒಂದು ಸಲ ನನಗೆ ಸುಖವಾಗಿತ್ತು.